ತಾಳವನ್ನೂ ಬೆಲೆ ತೆತ್ತೇ ಕೊಳ್ಳಬೇಕೆ?



ಬೇಸಿಗೆಯಲ್ಲಿ ದುಬೈ, ಅಬುಧಾಬಿಗಳ ನಮ್ಮ ಮಕ್ಕಳಿಗೆ ಮನೆಯ ಹಜಾರವೇ ಆಟದ ಬಯಲು. ಕಣ್ಣಿಗೆ ಹೆಡ್‌ಸೆಟ್ ಧರಿಸಿ, ಹಾಡಿನ ಲಯಕ್ಕೆ ಸರಿಯಾಗಿ ತೇಲಿಬರುವ ಘನಗಳನ್ನು ಕತ್ತರಿಸುವ ‘ಬೀಟ್ ಸೇಬರ್’ ಅನೇಕ ಮನೆಗಳನ್ನು ಹೊಕ್ಕಿದೆ. 2018ರಲ್ಲಿ ಹೊರಬಂದು ಮರುವರ್ಷವೇ ಫೇಸ್‌ಬುಕ್ ಪಾಲಾದ ಈ ಆಟದಲ್ಲಿ ಹೆಚ್ಚುವರಿ ಹಾಡೊಂದಕ್ಕೆ ಸುಮಾರು 7 ದಿರ್ಹಂ. ಲಿಂಕಿನ್ ಪಾರ್ಕ್, ಬಿ.ಟಿ.ಎಸ್., ಲೇಡಿ ಗಾಗಾ ಇವರ ಪ್ಯಾಕ್‌ಗಳೆಲ್ಲ ಮಾರಾಟಕ್ಕಿವೆ. ಕನ್ನಡದ ಪ್ಯಾಕ್ ನಮ್ಮ ಕಣ್ಣಿಗೆ ಬಿದ್ದಿಲ್ಲ. ಬೀಳುವ ನಿರೀಕ್ಷೆಯೂ ನಮಗಿಲ್ಲ. ಅಂಗಡಿಯವನು ಗಿರಾಕಿಗಳನ್ನು ಎಣಿಸುತ್ತಾನೆ, ಅದು ಅವನ ಧರ್ಮ.

ಹೀಗಿದ್ದೂ, ಹಣ ತೆತ್ತು ಕೊಂಡದ್ದೇ ಪ್ರಾಮಾಣಿಕ, ಅಭಿಮಾನಿಗಳು ರಚಿಸಿ ಬಿಟ್ಟಿಯಾಗಿ ಹಂಚುವ ಲೆವೆಲ್‌ಗಳು ಕಳವಿನ ಸರಕು ಎನ್ನುವವರು ನಮ್ಮಲ್ಲಿದ್ದಾರೆ. ನಾವು ಒಪ್ಪುವುದಿಲ್ಲ. ಹಾಡಿನ ಧ್ವನಿಮುದ್ರಣ ಬೇರೆ, ಯಾವ ಪೆಟ್ಟಿಗೆ ಯಾವ ಘನ ಎಂದು ತಾಳ್ಮೆಯಿಂದ ಹೊಂದಿಸಿದ ವಿನ್ಯಾಸ ಬೇರೆ. ಎರಡನೆಯದು ರಚಿಸಿದವರ ಸ್ವಂತ ದುಡಿಮೆ. ಅದಕ್ಕೆ ಬೇಕಾದ ಸಲಕರಣೆಯನ್ನು ಆಟದ ತಯಾರಕರೇ ಕಂಪ್ಯೂಟರ್ ಆವೃತ್ತಿಯಲ್ಲಿ ಒದಗಿಸಿದ್ದಾರೆ! ದುಬೈನ ಕನ್ನಡ ಪಾಠಶಾಲೆಯಲ್ಲಿ ಶುಲ್ಕವಿಲ್ಲದೆ ಅಕ್ಷರ ಕಲಿಸುವವರನ್ನು ಕೊಂಡಾಡುವ ನಾವು ಇವರನ್ನು ಕಳ್ಳರೆನ್ನುವುದು ಯಾವ ನ್ಯಾಯ?

ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಚಿತ್ರಗೀತೆಯ ಧ್ವನಿಮುದ್ರಣವನ್ನು ಅನುಮತಿಯಿಲ್ಲದೆ ಸೇರಿಸಿ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ. ಈ ದೇಶದಲ್ಲಿ ಅದಕ್ಕೆಂದೇ 2021ರ ಕಾನೂನಿದೆ. (ಆಟ ನವೀಕರಣಗೊಂಡಾಗ ಇಂಥ ಲೆವೆಲ್‌ಗಳು ಕೆಟ್ಟು ಕೂರುವುದೂ ನಿಜ, ಮಕ್ಕಳ ಗೋಳನ್ನು ನಾವೂ ಕೇಳಿದ್ದೇವೆ.)

ಹಾಗಾದರೆ ಯಾರ ಸ್ವಾಮ್ಯಕ್ಕೂ ಸೇರದುದನ್ನು ಆರಿಸಿಕೊಳ್ಳೋಣ. ಪುರಂದರದಾಸರು ಕಾಲವಾದದ್ದು 1564ರಲ್ಲಿ. ಅವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ಹಾಡುವ ಕೊರಳು ನಮ್ಮದಾದರೆ ಧ್ವನಿಮುದ್ರಣವೂ ನಮ್ಮದೇ. ಅಷ್ಟೇ ಏಕೆ, ದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆ, ಜಂಟಿ, ಸಪ್ತತಾಳದ ಅಲಂಕಾರಗಳು ಸುಲಭದಿಂದ ಕಠಿಣಕ್ಕೆ, ಮೂರು ಕಾಲಗಳಲ್ಲಿ ಏರುವ ಲೆವೆಲ್‌ಗಳಲ್ಲದೆ ಮತ್ತೇನು? ಅವನ್ನು ಗುರುಗಳು ಯಾವ ಪ್ಯಾಕ್‌ನಲ್ಲೂ ಕಟ್ಟಿಡಲಿಲ್ಲ. ನಾಲ್ಕು ನಾಲ್ಕರ ಎಣಿಕೆಯ ಪಾಪ್ ಹಾಡುಗಳನ್ನೇ ಕೊಳ್ಳುತ್ತ ಬೆಳೆದ ಮಗುವಿನ ಕೈಗೆ ತ್ರಿಪುಟದ 7 ಅಕ್ಷರಗಳು ಎಂದು ಹತ್ತೀತು?

ತ್ರಿಪುಟದ ಅಲಂಕಾರವನ್ನು ಹಾಡಿಕೊಡಲು ಸಂಗೀತ ಕಲಿಯುವ ನಮ್ಮ ಮಕ್ಕಳು ಸಿದ್ಧರಿದ್ದಾರೆ. ಘನಗಳನ್ನು ಹೊಂದಿಸಲು ಕಂಪ್ಯೂಟರ್ ಬಲ್ಲ ಇಬ್ಬರು ಬೇಕು. ಮೃದಂಗ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತರೆ ಇನ್ನೂ ಒಳಿತು.