ಪರವಾನಗಿ ಇಬ್ಬರ ಹೊಣೆ: ಹ್ಯಾಮ್ ರೇಡಿಯೊ ನಡೆದು ಬಂದ ದಾರಿ

1925ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಸ್ಥಾಪನೆಯಾಯಿತು. ಆ ದಿನವನ್ನೇ ಪ್ರತಿವರ್ಷ ವಿಶ್ವ ಹವ್ಯಾಸಿ ರೇಡಿಯೊ ದಿನವಾಗಿ ಆಚರಿಸುತ್ತಾರೆ. ಒಕ್ಕೂಟಕ್ಕೆ ಈಗ ನೂರು ತುಂಬಿದೆ. ಇತ್ತ ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಹಂತಹಂತವಾಗಿ ಬರುತ್ತಿದೆ. ಹವ್ಯಾಸಿ ರೇಡಿಯೊಕ್ಕೆ ಪರವಾನಗಿ ಏಕೆ ಬೇಕು, ಅದನ್ನು ಕೊಡುವವರು ಮತ್ತು ಪಡೆಯುವವರು ಒಬ್ಬರಿಗೊಬ್ಬರು ಎಷ್ಟು ಬದ್ಧರಾಗಿ ನಡೆದುಕೊಂಡಿದ್ದಾರೆ ಎಂದು ಹಿಂತಿರುಗಿ ನೋಡಲು ಇದು ಸರಿಯಾದ ಸಮಯ.

ಭಾರತದಲ್ಲಿ ಈ ಹವ್ಯಾಸಕ್ಕೆ ಶತಮಾನ ಮೀರಿದ ಇತಿಹಾಸವಿದೆ. 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರು ದೇಶದ ಮೊದಲ ಹವ್ಯಾಸಿ ಕೇಂದ್ರವನ್ನು ನಡೆಸಿದರು. ಅವರ ಕರೆಚಿಹ್ನೆ 2ಜೆಕೆ. ಬ್ರಿಟಿಷ್ ಆಡಳಿತಕ್ಕೆ ಈ ಯಂತ್ರಗಳ ಮೇಲೆ ಮೊದಲಿನಿಂದಲೂ ಗುಮಾನಿ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗುತ್ತಿದ್ದಂತೆ ಎಲ್ಲ ಪರವಾನಗಿಗಳನ್ನೂ ರದ್ದು ಮಾಡಿ, ಟ್ರಾನ್ಸ್‌ಮಿಟರ್‌ಗಳನ್ನು ಒಪ್ಪಿಸುವಂತೆ ಆದೇಶಿಸಿತು. ಆದರೂ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬೈಯಲ್ಲಿ ಭೂಗತರಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಅದಕ್ಕೆ ಬೇಕಾದ ತಾಂತ್ರಿಕ ಕೈಚಳಕ ಬಂದಿದ್ದೂ ಹವ್ಯಾಸಿ ರೇಡಿಯೊ ಬಲ್ಲವರಿಂದಲೇ. ಒಂದು ಕೋಣೆಯಲ್ಲಿ ಕೂತು ಊರಿಗೆಲ್ಲ ದನಿ ಮುಟ್ಟಿಸಬಲ್ಲ ಯಂತ್ರವನ್ನು ಕಂಡು ಯಾವ ಪ್ರಭುತ್ವವೂ ನಿಶ್ಚಿಂತೆಯಿಂದ ಇರಲಾರದು. ಪರವಾನಗಿಯ ಕಟ್ಟುನಿಟ್ಟಿನ ಬೇರು ಈ ಭಯದಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೂ ಕಾಯ್ದೆ ಅದೇ ಉಳಿಯಿತು. ಅನುಮತಿಯಿಲ್ಲದೆ ವೈರ್‌ಲೆಸ್ ಸೆಟ್ಟನ್ನು ಬಳಸುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ ಎಂದಿತು 1933ರ ಕಾಯ್ದೆ.

ಹಾಗಿದ್ದೂ ಹವ್ಯಾಸ ಬೆಳೆಯಿತು. ಮುಂದೆ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಎನಿಸಿಕೊಂಡ ಸಂಸ್ಥೆ 1948ರಲ್ಲಿ ಹುಟ್ಟಿತು. ಹ್ಯಾಮ್‌ಗಳೆಂದು ಕರೆಸಿಕೊಳ್ಳುವ ಈ ಹವ್ಯಾಸಿಗಳು ಬೆಂಗಳೂರಿನಲ್ಲಿ 1959ರಲ್ಲೇ ತಮ್ಮದೊಂದು ಕ್ಲಬ್ ಕಟ್ಟಿಕೊಂಡರು. 1978ರಲ್ಲಿ ಬಂದ ಅಮೆಚೂರ್ ಸೇವಾ ನಿಯಮಗಳು ಪರೀಕ್ಷೆ, ದರ್ಜೆ, ಬ್ಯಾಂಡು, ಪವರ್‌ಗಳಿಗೆಲ್ಲ ಒಂದು ಚೌಕಟ್ಟು ಕೊಟ್ಟವು. ಸ್ವತಃ ಹ್ಯಾಮ್ ಆಗಿದ್ದ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ ಆಮದು ಸುಂಕದ ವಿನಾಯಿತಿಯೂ ಸಿಕ್ಕಿತು. ಅನಂತರದ ತಿದ್ದುಪಡಿಗಳು ಹಳೆಯ ದರ್ಜೆಗಳನ್ನು ಎರಡಕ್ಕೆ ಇಳಿಸಿದವು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ಆದರೆ ಅಲ್ಲಿ ಬಳಸಬಹುದಾದ ಪವರ್ ಕಡಿಮೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳುಹಿಸಲು, ಗ್ರಹಿಸಲು ಬರಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಏಳನೇ ತರಗತಿಯ ಮಗುವಿನ ಕೈಗೆ ಖಂಡಾಂತರ ಮಾತಾಡುವ ಯಂತ್ರ ಕೊಡಲು ಒಪ್ಪಿದ ಈ ನಿಯಮವನ್ನು ನಾವು ಮನಸಾರೆ ಮೆಚ್ಚಬೇಕು.

ಪರವಾನಗಿಯ ಷರತ್ತುಗಳನ್ನು ಓದಿದವರಿಗೆ ಅಲ್ಲಿ ನಿಷೇಧಗಳೇ ಹೆಚ್ಚಾಗಿ ಕಾಣುತ್ತವೆ. ವ್ಯಾಪಾರದ ಮಾತು ಆಡಕೂಡದು. ಸಂಗೀತ ಬಿತ್ತರಿಸಕೂಡದು. ಗುಪ್ತ ಸಂಕೇತದಲ್ಲಿ ಮಾತಾಡಕೂಡದು. ಬೇರೆಯವರ ಸಂದೇಶ ಆಕಸ್ಮಿಕವಾಗಿ ಕಿವಿಗೆ ಬಿದ್ದರೆ ಯಾರಿಗೂ ಹೇಳಕೂಡದು. ಕರೆಚಿಹ್ನೆ ಹೇಳದೆ ಮಾತಿಗೆ ಇಳಿಯಕೂಡದು. ಮೂರನೆಯವರ ಪರವಾಗಿ ಸಂದೇಶ ಸಾಗಿಸುವುದಕ್ಕೂ ವಿಪತ್ತಿನ ಹೊತ್ತನ್ನು ಬಿಟ್ಟರೆ ಅವಕಾಶವಿಲ್ಲ. ಇವೆಲ್ಲದರ ಹಿಂದೆ ಇರುವುದು ಒಂದೇ ವಿಚಾರ. ತರಂಗಾಂತರ ಊರಿನ ಗೋಮಾಳವಿದ್ದಂತೆ. ಎಲ್ಲರ ದನವೂ ಮೇಯಬಹುದು, ಯಾರೂ ಬೇಲಿ ಹಾಕಿಕೊಳ್ಳುವಂತಿಲ್ಲ. ಸುತ್ತಲಿನ ತರಂಗಗುಚ್ಛಗಳೆಲ್ಲ ಸಾವಿರಾರು ಕೋಟಿ ರೂಪಾಯಿಗೆ ಹರಾಜಾಗುತ್ತಿರುವ ಕಾಲದಲ್ಲೂ 7 ಮೆಗಾಹರ್ಟ್ಸ್, 14 ಮೆಗಾಹರ್ಟ್ಸ್, 144ರಿಂದ 146 ಮೆಗಾಹರ್ಟ್ಸ್‌ನಂಥ ಪಟ್ಟಿಗಳು ಲಾಭದ ಉದ್ದೇಶವಿಲ್ಲದವರಿಗಾಗಿ ಉಳಿದುಕೊಂಡಿವೆ. ಅಲ್ಲಿ ವ್ಯಾಪಾರ ನುಸುಳಿದ ದಿನ ಅವು ನಮ್ಮ ಕೈತಪ್ಪುತ್ತವೆ.

ಒಳ್ಳೆಯ ಹ್ಯಾಮ್ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಹತ್ತಿರದಿಂದ ನೋಡಿ. ಸೆಟ್ ಆನ್ ಮಾಡಿದ ಕೂಡಲೇ ಅವರು ಬಾಯಿ ತೆರೆಯುವುದಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ ಎಂದು ವಿಚಾರಿಸಿ, ಉತ್ತರ ಬಾರದಿದ್ದರೆ ಮಾತ್ರ ತಮ್ಮ ಕರೆಚಿಹ್ನೆ ಹೇಳುತ್ತಾರೆ. ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್‌ನಲ್ಲಿ ಎದುರಿನವರು ಬಟನ್ ಬಿಟ್ಟ ತಕ್ಷಣ ತಮ್ಮ ಬಟನ್ ಒತ್ತದೆ, ಒಂದೆರಡು ಸೆಕೆಂಡ್ ಖಾಲಿ ಬಿಡುತ್ತಾರೆ. ಎಲ್ಲೋ ಅಪಘಾತದಲ್ಲಿ ಸಿಕ್ಕಿಕೊಂಡವರು ‘ಬ್ರೇಕ್’ ಎಂದು ನಡುವೆ ಬರಲು ಜಾಗ ಇರಲಿ ಎಂದು ಹೀಗೆ ಮಾಡುತ್ತಾರೆ. ಮಾತು ಮುಗಿದ ಮೇಲೆ ಲಾಗ್ ಪುಸ್ತಕದಲ್ಲಿ ದಿನಾಂಕ, ಸಮಯ, ಫ್ರೀಕ್ವೆನ್ಸಿ, ಎದುರಿನವರ ಕರೆಚಿಹ್ನೆ, ಸಿಗ್ನಲ್ ಎಷ್ಟು ಚೆನ್ನಾಗಿ ಕೇಳಿತೆಂಬ ಅಂಕಿ ಎಲ್ಲವನ್ನೂ ಬರೆದಿಡುತ್ತಾರೆ. ಹಸ್ತಕ್ಷೇಪದ ದೂರು ಬಂದರೆ ಅವರ ಪರವಾಗಿ ಸಾಕ್ಷಿ ಹೇಳುವುದು ಆ ಪುಸ್ತಕವೇ.

ಈ ಶಿಸ್ತಿನ ಬೆಲೆ ಗೊತ್ತಾಗುವುದು ವಿಪತ್ತಿನಲ್ಲಿ. 1999ರ ಒಡಿಶಾ ಚಂಡಮಾರುತದಲ್ಲೂ 2001ರ ಭುಜ್ ಭೂಕಂಪದಲ್ಲೂ ಟೆಲಿಫೋನ್ ಕಂಬಗಳು ಉರುಳಿದಾಗ ಹ್ಯಾಮ್‌ಗಳು ಬ್ಯಾಟರಿ, ತಂತಿಯ ಆಂಟೆನಾ ಹಿಡಿದು ಹೋಗಿ ಸಂಪರ್ಕ ಕಲ್ಪಿಸಿದರು. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಅಂಡಮಾನ್. 1987ರ ನಂತರ ಆ ದ್ವೀಪಗಳಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿಯೇ ಸಿಕ್ಕಿರಲಿಲ್ಲ. ವರ್ಷಗಳ ಪ್ರಯತ್ನದ ಬಳಿಕ 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿ ಪ್ರಪಂಚದ ಹ್ಯಾಮ್‌ಗಳೊಂದಿಗೆ ಮಾತಾಡುತ್ತಿತ್ತು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು. ಅವರು ಹವ್ಯಾಸದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಅದೇ ಸೆಟ್ಟಿನಲ್ಲಿ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ಆ ಅನುಮತಿ ಒಂದು ತಿಂಗಳು ತಡವಾಗಿದ್ದರೂ ಅಂದು ಅಲ್ಲಿ ಆ ಸೆಟ್ ಇರುತ್ತಿರಲಿಲ್ಲ. ಅರ್ಜಿಯ ಮೇಲೆ ಸಹಿ ಹಾಕುವ ಪ್ರತಿಯೊಬ್ಬ ಅಧಿಕಾರಿಯೂ ನೆನಪಿಟ್ಟುಕೊಳ್ಳಬೇಕಾದ ಸಂಗತಿ ಇದು.

ಕಲಿಕೆಯ ಲೆಕ್ಕ ಹಾಕಿದರೂ ಕನ್ನಡ ನಾಡಿನವರು ಹೆಮ್ಮೆಪಡಬಹುದು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಎರಡು ವರ್ಷ ಬಾಳಲೆಂದು ಇಸ್ರೊ ರೂಪಿಸಿದ್ದ ಅದು 2014ರವರೆಗೆ ದುಡಿಯಿತು. ಸಣ್ಣ ಆಂಟೆನಾ ಹಿಡಿದು ತಾರಸಿಯಲ್ಲಿ ನಿಂತ ಹುಡುಗ ಹುಡುಗಿಯರಿಗೆ ಉಪಗ್ರಹದ ಮೂಲಕ ಮಾತಾಡುವುದನ್ನು ಕಲಿಸಿತು. 2025ರ ಜುಲೈಯಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಂದಿಗೆ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಾತುಕತೆ ನಡೆದಿದ್ದೂ ಹ್ಯಾಮ್ ರೇಡಿಯೊದಲ್ಲೇ.

ಕೊರತೆಗಳನ್ನೂ ಹೇಳಲೇಬೇಕು. ಪರೀಕ್ಷೆ ಪಾಸಾದವರು ಪರಿಶೀಲನೆ ಮುಗಿದು ಕರೆಚಿಹ್ನೆ ಕೈಗೆ ಬರುವಷ್ಟರಲ್ಲಿ ಉತ್ಸಾಹವನ್ನೇ ಕಳೆದುಕೊಂಡ ಕಾಲವಿತ್ತು. ಈಗ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪರವಾನಗಿಯೂ 20 ವರ್ಷಕ್ಕೆ ಅಥವಾ ಜೀವಾವಧಿಗೆ ಸಿಗುತ್ತದೆ. ಇದು ನಿಜವಾದ ಸುಧಾರಣೆ. ಆದರೆ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಪರೀಕ್ಷೆಗಾಗಿ ದೊಡ್ಡ ನಗರದ ಮಾನಿಟರಿಂಗ್ ಸ್ಟೇಷನ್ ತನಕ ಬರಬೇಕು. ಓದಲು ಕನ್ನಡದಲ್ಲಿ ಸಾಮಗ್ರಿ ತೀರಾ ಕಡಿಮೆ. ನೆರೆ ಬರುವುದು, ಗುಡ್ಡ ಕುಸಿಯುವುದು ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ. ಪರವಾನಗಿ ಇರುವವರು ಹೆಚ್ಚಾಗಿ ಸಿಗುವುದು ಬೆಂಗಳೂರಿನಲ್ಲಿ.

ಇನ್ನೊಂದು ಕಡೆ, ಅಗ್ಗದ ವಾಕಿಟಾಕಿ ಹ್ಯಾಂಡ್‌ಸೆಟ್‌ಗಳು ಯಾವ ದಾಖಲೆಯೂ ಇಲ್ಲದೆ ಆನ್‌ಲೈನ್‌ನಲ್ಲಿ ಬಿಕರಿಯಾದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ಹೊರಡಿಸಬೇಕಾಯಿತು. ಸೆಟ್ ಕೊಂಡ ಮಾತ್ರಕ್ಕೆ ಹ್ಯಾಮ್ ಆಗುವುದಿಲ್ಲ. ಪರವಾನಗಿ ಇಲ್ಲದವರ ಒಂದು ಅಡ್ಡ ಮಾತು ಪೊಲೀಸರ, ಆಂಬುಲೆನ್ಸ್‌ನ, ವಿಮಾನದ ಸಂಪರ್ಕಕ್ಕೆ ಕುತ್ತು ತರಬಲ್ಲದು. ಪರವಾನಗಿ ಇದ್ದವರಲ್ಲೂ ಕೆಲವರು ಪರೀಕ್ಷೆ ಮುಗಿಸಿ, ಕರೆಚಿಹ್ನೆಯನ್ನು ಕಾರಿನ ಗಾಜಿಗೆ ಅಂಟಿಸಿ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆಯೂ ಸೆಟ್ ಮುಟ್ಟದವರು ನೆರೆ ಬಂದ ರಾತ್ರಿ ಊರಿಗೆ ಒದಗಿಬರುವುದಿಲ್ಲ.

ಹೊಸ ಕಾಯ್ದೆಯಡಿ ನಿಯಮಗಳನ್ನು ಬರೆಯುವವರು ಹವ್ಯಾಸಿಯನ್ನು ಶಂಕಿತನಂತೆ ಕಾಣುವ ಹಳೆಯ ದೃಷ್ಟಿಯನ್ನು ಬಿಡಬೇಕು. ಅರ್ಜಿ ವಿಲೇವಾರಿಗೆ ಗಡುವು ಇರಲಿ, ಪರೀಕ್ಷೆ ಜಿಲ್ಲಾ ಕೇಂದ್ರಗಳಲ್ಲಿ ನಡೆಯಲಿ, ಕನ್ನಡದಲ್ಲೂ ಬರೆಯಲು ಅವಕಾಶವಿರಲಿ. ಕ್ಲಬ್‌ಗಳು ಪ್ರತಿ ಮಳೆಗಾಲಕ್ಕೂ ಮುನ್ನ ಜಿಲ್ಲಾಡಳಿತದ ಜೊತೆ ತುರ್ತು ಸಂಪರ್ಕದ ಅಭ್ಯಾಸ ನಡೆಸಲಿ. ಪರವಾನಗಿ ಪಡೆದ ಪ್ರತಿಯೊಬ್ಬರೂ ವಾರಕ್ಕೊಮ್ಮೆಯಾದರೂ ಬ್ಯಾಂಡಿಗೆ ಬಂದು, ಪಕ್ಕದ ಶಾಲೆಯ ಒಂದಿಬ್ಬರು ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡಲಿ. ಸರ್ಕಾರ ನಂಬಿ ಕೊಡಬೇಕು, ಹವ್ಯಾಸಿ ಆ ನಂಬಿಕೆಯನ್ನು ನಡೆದು ತೋರಿಸಬೇಕು. ಇದರಲ್ಲಿ ಒಬ್ಬರು ತಪ್ಪಿದರೂ ನಷ್ಟವಾಗುವುದು ಮುಂದಿನ ವಿಪತ್ತಿನಲ್ಲಿ ಸಹಾಯಕ್ಕಾಗಿ ಕಾಯುವ ಜನರಿಗೆ.