ಸಾಮ್ರಿ ಮತ್ತು ಜೀಪಿನ ಲಿಂಬೆಹಣ್ಣು

ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿಯುವ ಹೊತ್ತಿಗೆ ನಮ್ಮ ಬಳಗದ ಹಿರಿಯ ಶರಣರೊಬ್ಬರು ಎದ್ದು ನಿಂತು ಒಂದು ಠರಾವು ಮಂಡಿಸಿದರು. ದೆವ್ವ, ಭೂತ, ಪಿಶಾಚಿಗಳ ಸಿನಿಮಾಗಳನ್ನು ಸರ್ಕಾರ ನಿಷೇಧಿಸಬೇಕು. ಬಸವಾದಿ ಶರಣರು 12ನೆಯ ಶತಮಾನದಲ್ಲಿಯೇ ಕಿತ್ತೊಗೆದ ಭಯವನ್ನು ಈ ಮೊಬೈಲು ಮನೆಮನೆಗೆ ಮರಳಿ ತಂದಿದೆ ಎಂಬುದು ಅದರ ಸಾರ. ಎಲ್ಲರೂ ಚಪ್ಪಾಳೆ ತಟ್ಟಿ ಕೈ ಎತ್ತಿದರು. ನಾನು ಎತ್ತಲಿಲ್ಲ. ಯಾಕೆಂದು ಪೂಜ್ಯರು ಕೇಳಿದರು. ಅಲ್ಲಿ ಎರಡು ಮಾತಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿನಿಮಾ ಬಲ್ಲವನಲ್ಲ. ಸರ್ಕಾರಿ ನೌಕರಿಯಲ್ಲಿ ಕಾಲುವೆ, ತೂಬು, ಸೇತುವೆಗಳ ಎಂ.ಬಿ. ಬರೆಯುತ್ತಲೇ ಕೂದಲು ಬೆಳ್ಳಗಾದವನು. ಆದರೆ ಅಗ್ಗದ ದೆವ್ವದ ಸಿನಿಮಾಗಳನ್ನು ಮಾತ್ರ ಹರೆಯದಲ್ಲಿ ಸಾಕಷ್ಟು ನೋಡಿದ್ದೇನೆ. ಕ್ಯಾಂಪಿನ ಬದುಕಿನಲ್ಲಿ ರಾತ್ರಿ ಕಳೆಯಲು ಬೇರೆ ದಾರಿ ಇರಲಿಲ್ಲ. ಹತ್ತಿರದ ಊರಿನ ಟೂರಿಂಗ್ ಟಾಕೀಸಿಗೆ ರಾಜಕುಮಾರ್ ಚಿತ್ರ ಬಂದರೆ ಹೆಂಗಸರು ಮಕ್ಕಳು ತುಂಬುತ್ತಿದ್ದರು. ರಾಮ್ಸೆ ಸಹೋದರರ ಹಿಂದಿ ಚಿತ್ರ ಬಂದರೆ ನಮ್ಮ ಕ್ಯಾಂಪಿನ ಗಂಡಸರೆಲ್ಲ ಟೆಂಟಿನಲ್ಲಿರುತ್ತಿದ್ದರು.

ಈ ರಾಮ್ಸೆ ಮನೆತನದ ಕಥೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ವಾದದ ಅರ್ಧ ಭಾಗ ಅದರಲ್ಲಿಯೇ ಇದೆ. ತಂದೆ ಎಫ್.ಯು. ರಾಮ್ಸಿಂಘಾನಿ ದೇಶ ವಿಭಜನೆಗೆ ಮೊದಲು ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು. ಬಿಳಿಯ ಗಿರಾಕಿಗಳ ಬಾಯಲ್ಲಿ ಆ ಉದ್ದ ಹೆಸರು ರಾಮ್ಸೆ ಆಯಿತು. ಮುಂಬಯಿಗೆ ಬಂದ ಮೇಲೂ ವಿದ್ಯುತ್ ಸಾಮಾನುಗಳ ಅಂಗಡಿಯೇ. ನಂತರ ಚಿತ್ರ ನಿರ್ಮಾಣಕ್ಕೆ ಕೈಹಾಕಿ ನಷ್ಟ ಮಾಡಿಕೊಂಡರು. 1970ರಲ್ಲಿ ಅವರು ತೆಗೆದ 'ಏಕ್ ನನ್ಹೀ ಮುನ್ನೀ ಲಡಕೀ ಥೀ' ಕೂಡ ಸೋತಿತು. ಆದರೆ ಅದರಲ್ಲಿ ಒಂದು ದೃಶ್ಯವಿತ್ತು. ಪೃಥ್ವಿರಾಜ್ ಕಪೂರ್ ಭಯಾನಕ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಹೋಗುವ ದೃಶ್ಯ. ಉಳಿದ ಕಥೆಗೆ ಆಕಳಿಸಿದ ಪ್ರೇಕ್ಷಕರು ಅಷ್ಟಕ್ಕೆ ಮಾತ್ರ ಕುರ್ಚಿಯ ತುದಿಗೆ ಬಂದಿದ್ದನ್ನು ಮಕ್ಕಳು ಗಮನಿಸಿದರು. ಹಾಗಾದರೆ ಪೂರ್ತಿ ಹೆದರಿಸುವ ಸಿನಿಮಾವನ್ನೇ ಯಾಕೆ ತೆಗೆಯಬಾರದು ಎಂದು ತಂದೆಯ ಮುಂದೆ ಕುಳಿತರು. ಶರಣ ಬಂಧುಗಳು ಇದನ್ನು ಗಮನಿಸಬೇಕು: ರಾಮ್ಸೆಗಳ ದೆವ್ವದ ಉದ್ಯಮ ಹುಟ್ಟಿದ್ದು ದೆವ್ವದಿಂದಲ್ಲ, ಮುಖವಾಡ ಹಾಕಿದ ಕಳ್ಳನಿಂದ.

1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೇ' ಬಂತು. ಸೆಟ್ ಹಾಕಲು ದುಡ್ಡಿಲ್ಲದ್ದರಿಂದ ಇಡೀ ಕುಟುಂಬ ಬಸ್ಸಿನಲ್ಲಿ ಮಹಾಬಳೇಶ್ವರಕ್ಕೆ ಹೋಗಿ ಅತಿಥಿಗೃಹದಲ್ಲಿ ಇಳಿದು ಅಲ್ಲಿಯೇ ಚಿತ್ರೀಕರಣ ಮಾಡಿತು. ಏಳು ಜನ ಅಣ್ಣತಮ್ಮಂದಿರು. ತುಳಸಿ, ಶ್ಯಾಮ್ ನಿರ್ದೇಶನ, ಕುಮಾರ್ ಕಥೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಕೇಶು ಉಳಿದದ್ದಕ್ಕೆಲ್ಲ ಹೆಗಲು. ಮನೆಯ ಹೆಣ್ಣುಮಕ್ಕಳು ಅಡುಗೆ. ನಲವತ್ತು ದಿನ, ಮೂರೂವರೆ ಲಕ್ಷ ರೂಪಾಯಿ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದಾಜು ಪಟ್ಟಿಗಿಂತ ಹೆಚ್ಚಾಗದೆ ಗಡುವಿನೊಳಗೆ ಮುಗಿದ ಕೆಲಸವನ್ನು ನನ್ನ ನೌಕರಿಯಲ್ಲಿ ನಾನು ಬಹಳ ಕಂಡಿಲ್ಲ. ಇದನ್ನು ಕಾಯಕ ಎಂದರೆ ಕೆಲವರಿಗೆ ಮುಜುಗರವಾದೀತು. ದುಡಿಮೆಯ ಮಟ್ಟಿಗಾದರೂ ಒಪ್ಪಬೇಕು.

ಅವರ ಚಿತ್ರಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 1984ರ 'ಪುರಾನಾ ಮಂದಿರ್'. ಸಾಮ್ರಿ ಎಂಬ ರಾಕ್ಷಸ. ಇನ್ನೂರು ವರ್ಷಗಳ ಹಿಂದೆ ರಾಜನೊಬ್ಬ ಅವನ ತಲೆ ಕಡಿಸಿ, ತಲೆಯನ್ನು ಪೆಟ್ಟಿಗೆಯಲ್ಲಿಟ್ಟು, ಮುಂಡವನ್ನು ಬೇರೆ ಕಡೆ ಹುಗಿಸಿರುತ್ತಾನೆ. ಸಾಯುವಾಗ ಸಾಮ್ರಿ ಶಾಪ ಹಾಕುತ್ತಾನೆ: ನಿನ್ನ ವಂಶದ ಹೆಣ್ಣುಮಕ್ಕಳೆಲ್ಲ ಹೆರಿಗೆಯಲ್ಲಿ ಸಾಯಲಿ. ತಲೆಮಾರು ತಲೆಮಾರು ಹಾಗೆಯೇ ಆಗುತ್ತದೆ. ಕೊನೆಗೆ ಪೇಟೆಯ ಹುಡುಗ ಹುಡುಗಿಯರು ಹಾಳು ಹವೇಲಿಗೆ ಬಂದು, ರಾಕ್ಷಸ ಎದ್ದು, ಶಿವನ ತ್ರಿಶೂಲ ಹಿಡಿದು ಅವನನ್ನು ಬೇಟೆಯಾಡಿ ಮುಗಿಸುತ್ತಾರೆ. ರಾಜ ಮಾಡಿದ್ದಕ್ಕೆ ಹೆಣ್ಣುಮಕ್ಕಳು ಯಾಕೆ ಸಾಯಬೇಕು ಎಂದು ಸಿನಿಮಾದಲ್ಲಿ ಯಾರೂ ಕೇಳುವುದಿಲ್ಲ. ಟೆಂಟಿನಲ್ಲಿ ನಾವೂ ಕೇಳಲಿಲ್ಲ.

ಸಾಮ್ರಿಯ ಪಾತ್ರ ಮಾಡಿದ ಅನಿರುದ್ಧ ಅಗರವಾಲ್ (ತೆರೆಯ ಮೇಲೆ ಅಜಯ್ ಅಗರವಾಲ್) ರೂರ್ಕಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ನನ್ನ ಕಸುಬಿನವರು ಎಂದು ಬಹಳ ವರ್ಷಗಳ ನಂತರ ತಿಳಿದಾಗ ನಗು ಬಂತು. ಎಂಜಿನಿಯರ್ ಒಬ್ಬ ಸಂಬಳ ತೆಗೆದುಕೊಂಡು ದೆವ್ವವಾದ. ನಾವು ಉಳಿದ ಎಂಜಿನಿಯರುಗಳು ದೆವ್ವಕ್ಕೆ ಹೆದರಿ ಕಾಂಕ್ರೀಟು ಹಾಕುವ ಮುನ್ನ ಕುಂಬಳಕಾಯಿ ಒಡೆದೆವು.

ಆ ಚಿತ್ರ ನಮ್ಮ ಟೆಂಟಿಗೆ ಬಂದಿದ್ದು 1986ರ ಸುಮಾರಿಗೆ. ಕೃಷ್ಣಾ ಕಣಿವೆಯ ಒಂದು ಕಾಲುವೆ ಕಾಮಗಾರಿಯಲ್ಲಿ ನಾನು ಸಹಾಯಕ ಎಂಜಿನಿಯರ್. ನನ್ನ ಹಿಂದಿನ ಸಾಲಿನಲ್ಲಿ ನಮ್ಮ ಕ್ಯಾಂಪಿನ ಗೌಂಡಿಯೊಬ್ಬ ಕುಳಿತಿದ್ದ. ಜಗದೀಪನ ಹಾಸ್ಯಕ್ಕೆ ಅವನಷ್ಟು ಜೋರಾಗಿ ನಕ್ಕವರಿಲ್ಲ. ಸಾಮ್ರಿ ಬಂದಾಗಲೂ ನಕ್ಕ. "ಬಣ್ಣ ಹಚ್ಯಾರ್ರೀ ಸಾಹೇಬ್ರ" ಎಂದ.

ಅದಾದ ಹದಿನೈದು ಇಪ್ಪತ್ತು ದಿನಕ್ಕೆ ಅವನ ಹೆಂಡತಿ ಕ್ಯಾಂಪಿನ ಜೋಪಡಿಯಲ್ಲಿಯೇ ಗಂಡು ಮಗು ಹಡೆದಳು. ಮೂರನೆಯ ದಿನ ಸಂಜೆ ಅವಳಿಗೆ ಕೈಕಾಲು ಸೆಟೆದು, ಕಣ್ಣು ಮೇಲಕ್ಕೆ ಸಿಕ್ಕಿ, ಬಾಯಲ್ಲಿ ನೊರೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೆಯೇ. ಅತ್ತೆ "ಗಾಳಿ ಬಡದೈತಿ" ಎಂದಳು. ಬಾಣಂತಿ ಸನ್ನಿ ಎಂದರು ಇನ್ನು ಕೆಲವರು. ಪಕ್ಕದ ಹಳ್ಳಿಯಿಂದ ಮಂತ್ರವಾದಿ ಬಂದ. ಬೇವಿನ ಸೊಪ್ಪು, ಬೂದಿ, ಮೆಣಸಿನಕಾಯಿಯ ಹೊಗೆ. ಆ ಹೊಗೆ ನನ್ನ ಕ್ವಾರ್ಟರ್ಸಿನವರೆಗೂ ಬಂತು. ನಾನು ಕೆಮ್ಮಿ ಕಿಟಕಿ ಮುಚ್ಚಿದೆ.

ರಾತ್ರಿ ಹತ್ತರ ಹೊತ್ತಿಗೆ ಗೌಂಡಿ ಬಾಗಿಲು ಬಡಿದ. "ಸಾಹೇಬ್ರ, ಜೀಪ ಕೊಡ್ತೀರೇನ್ರಿ? ದವಾಖಾನಿಗೆ ಒಯ್ತೇನ್ರಿ." ಆಸ್ಪತ್ರೆ ಇಪ್ಪತ್ತೆರಡು ಕಿಲೋಮೀಟರು. ಜೀಪು ಅಂಗಳದಲ್ಲಿಯೇ ನಿಂತಿತ್ತು, ಡೀಸೆಲ್ ಇತ್ತು, ಡ್ರೈವರ್ ಇದ್ದ. ಅಷ್ಟರಲ್ಲಿ ಅವನ ತಾಯಿ ಹಿಂದೆಯೇ ಬಂದು, ಹಸಿ ಬಾಣಂತಿಯನ್ನು ರಾತ್ರಿ ಹೊರಗೆ ಹಾಕಿದರೆ ಹಿಡಿದದ್ದು ಬಿಡುವುದಿಲ್ಲ ಎಂದು ಅವನ ತೋಳು ಹಿಡಿದು ಎಳೆದಳು. ನಾನು ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: "ಮನಿಯವರನ್ನ ಒಪ್ಪಿಸಿಕೊಂಡು ಬಾರಪಾ, ಕೊಡ್ತೀನಿ." ಅವನು ಹೋದ. ಮರಳಿ ಬರಲಿಲ್ಲ. ನಾನು ಮಲಗಿದೆ. ಬೆಳಗಿನ ಜಾವ ಅಳುವ ಸದ್ದಿಗೆ ಎಚ್ಚರವಾಯಿತು.

ಆ ಮನೆಯವರು ನಮ್ಮವರೇ. ಅತ್ತೆಯ ಕೊರಳಲ್ಲಿ ಲಿಂಗವಿತ್ತು. ಆ ಬಾಣಂತಿಯ ಕೊರಳಲ್ಲಿಯೂ ಇತ್ತು. ಜನನ ಸೂತಕ ನಮಗಿಲ್ಲ ಎಂದು ಶರಣರು ಸಾರಿ ಎಂಟುನೂರು ವರ್ಷಗಳಾಗಿದ್ದರೂ ಅವಳನ್ನು ಗಾಳಿ ಬೆಳಕಿಲ್ಲದ ಬೇರೆ ಜೋಪಡಿಯಲ್ಲಿ ಇಟ್ಟಿದ್ದರು. ಅವರನ್ನು ಬೈಯುವ ಹಕ್ಕು ನನಗಿಲ್ಲ. ನನ್ನ ಕೊರಳಲ್ಲಿಯೂ ಲಿಂಗವಿತ್ತು, ಕೈಯಲ್ಲಿ ಬಿ.ಇ. ಪದವಿಯಿತ್ತು, ಮತ್ತು ನನ್ನ ಜೀಪಿನ ಮುಂದೆ ಹಿಂದಿನ ದಿನದ ಅಮಾವಾಸ್ಯೆಗೆ ಕಟ್ಟಿದ ಹೊಸ ಲಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುತ್ತಿತ್ತು. ಅದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದವನು ನಾನೇ.

ನನ್ನ ಮಗಳು ವೈದ್ಯೆಯಾದ ಮೇಲೆ ಒಮ್ಮೆ ಅವಳ ಮುಂದೆ ಇದನ್ನೆಲ್ಲ ಹೇಳಿದೆ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಲಕ್ಷಣ ಕೇಳಿದರೆ ಎಕ್ಲಾಂಪ್ಸಿಯಾ ಇರಬೇಕು ಎಂದಳು. ಬಸುರಿಯಲ್ಲಿ ರಕ್ತದೊತ್ತಡ ಏರಿ ಬರುವ ಫಿಟ್ಸ್. ಹೆರಿಗೆಯಾದ ಕೆಲವು ದಿನಗಳವರೆಗೂ ಬರಬಹುದು. ಬಸುರಿದ್ದಾಗಲೇ ಬಿ.ಪಿ. ನೋಡಿಸಿದ್ದರೆ ಸುಳಿವು ಸಿಗುತ್ತದೆ. ಫಿಟ್ಸಿಗೆ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್, ಜೊತೆಗೆ ರಕ್ತದೊತ್ತಡ ಇಳಿಸುವ ಔಷಧಿ. ಮೆಗ್ನೀಷಿಯಂ ಸಲ್ಫೇಟ್ ದುಬಾರಿ ಔಷಧವೇನೂ ಅಲ್ಲವಂತೆ.

ಈಗ ಠರಾವಿನ ಮಾತಿಗೆ ಬರುತ್ತೇನೆ. ಆ ಅತ್ತೆ ಬದುಕಿನಲ್ಲಿ ಒಂದೂ ದೆವ್ವದ ಸಿನಿಮಾ ನೋಡಿದವಳಲ್ಲ. ನೋಡಿದವನು ಮಗ, ಜೀಪು ಕೇಳಲು ಬಂದವನೂ ಅವನೇ. 'ಪುರಾನಾ ಮಂದಿರ್' ಅಂದು ನಿಷೇಧವಾಗಿದ್ದರೆ ಆ ತಾಯಿ ಉಳಿಯುತ್ತಿದ್ದಳೇ? ಇಲ್ಲ. ಹಾಗೆಂದು ಆ ಸಿನಿಮಾಗಳು ನಿರಪರಾಧಿ ಎಂದೂ ನಾನು ಹೇಳಲಾರೆ. ಹೆಣ್ಣಿನ ಮೈಯನ್ನೇ ದೆವ್ವದ ಮನೆಯಾಗಿ ತೋರಿಸುವ ಚಾಳಿ ಈ ಚಿತ್ರಗಳಲ್ಲಿ ಮೊದಲಿನಿಂದಲೂ ಇದೆ. ಡಾಕ್ಟರು ಬರುತ್ತಾನೆ, ನಾಡಿ ಹಿಡಿಯುತ್ತಾನೆ, ಇದು ನಮ್ಮ ಶಾಸ್ತ್ರಕ್ಕೆ ಮೀರಿದ್ದು ಎಂದು ಚೀಲ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ತಾಯತದವನು ಬರುತ್ತಾನೆ. ಈ ಕ್ರಮವನ್ನು ನೂರು ಸಲ ನೋಡಿದವನಿಗೆ ಮನೆಯಲ್ಲಿ ಫಿಟ್ಸ್ ಬಂದಾಗ ಯಾವುದು ಮೊದಲು ನೆನಪಾದೀತು? ಹೆರಿಗೆಯ ಸಾವಿಗೆ ಶಾಪವೇ ಕಾರಣ, ತ್ರಿಶೂಲವೇ ಮದ್ದು ಎಂಬ ಕಥೆ ಆ ವರ್ಷ ನಮ್ಮ ಕ್ಯಾಂಪಿಗೆ ಬೇಕಾಗಿರಲಿಲ್ಲ.

ಆದರೂ ರಾಮ್ಸೆಗಳು ತಮ್ಮ ಕಥೆ ನಿಜವೆಂದು ಮಾರಲಿಲ್ಲ. ಟಿಕೆಟ್ ಕೊಟ್ಟು, ಬಣ್ಣ ತೋರಿಸಿ, ಎರಡೂವರೆ ತಾಸು ಹೆದರಿಸಿ ಮನೆಗೆ ಕಳಿಸಿದರು. ನಂತರ ಬಂದವರು ಬುದ್ಧಿವಂತರು. 1999ರಲ್ಲಿ ಅಮೆರಿಕದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಹಳ ಕಡಿಮೆ ಖರ್ಚಿನಲ್ಲಿ ತಯಾರಾಗಿ, ನಟರು ನಿಜವಾಗಿಯೂ ಕಾಣೆಯಾಗಿದ್ದಾರೆಂದು ಪ್ರಚಾರ ಮಾಡಿ ಲೋಕವನ್ನೇ ಗೆದ್ದಿತು. ಅದೇ ಜಾಡಿನಲ್ಲಿ 2013ರಲ್ಲಿ ಕನ್ನಡದಲ್ಲಿ '6-5=2' ಬಂತು; ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರಗಳು ಎಂಬ ಧಾಟಿ. ಅದೂ ಹೋಗಲಿ, ಸಿನಿಮಾ. ನಮ್ಮ ಟಿವಿಗಳಲ್ಲಿ ರಾತ್ರಿ ಹೊತ್ತು ಪಾಳುಬಿದ್ದ ಕಟ್ಟಡಕ್ಕೆ ಟಾರ್ಚ್ ಹಿಡಿದು ಹೋಗಿ ಏದುಸಿರು ಬಿಡುವವರಿಗೆ ಮುಖವಾಡವೂ ಇಲ್ಲ, ಕಥೆಯೆಂಬ ನಾಚಿಕೆಯೂ ಇಲ್ಲ. ಹಳೆಯ ಕಟ್ಟಡದಲ್ಲಿ ಸದ್ದು ಬರುವುದು ಮರದ ತೊಲೆ ಹಗಲು ಹಿಗ್ಗಿ ರಾತ್ರಿ ಕುಗ್ಗುವುದರಿಂದ. ಬೇಕಾದರೆ ಬಂದು ತೋರಿಸುತ್ತೇನೆ, ಸಂಭಾವನೆ ಬೇಡ.

ಇನ್ನು ಕಾನೂನು. ಅನೇಕ ಮಠಾಧೀಶರೂ ಬೀದಿಗಿಳಿದು ಒತ್ತಾಯಿಸಿದ ಮೇಲೆ 2017ರಲ್ಲಿ ಮೌಢ್ಯ ಪ್ರತಿಬಂಧಕ ಕಾಯ್ದೆ ಅಂಗೀಕಾರವಾಗಿ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದು ಅದರ ಪ್ರಕಾರ ಅಪರಾಧ. ನಮ್ಮ ತಾಲ್ಲೂಕಿನಲ್ಲಿಯೇ ಅಮಾವಾಸ್ಯೆಗೆ ಗಾಳಿ ಬಿಡಿಸುವ ಜಾಗಗಳು ಯಾವುವು ಎಂದು ಗೋಷ್ಠಿಯಲ್ಲಿದ್ದ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗುವವರಲ್ಲಿ ನಮ್ಮ ನೆಂಟರೂ ಇದ್ದಾರೆ. ಮುಂಬಯಿಯ ಸಿನಿಮಾದ ವಿರುದ್ಧ ಠರಾವು ಮಾಡುವುದು ಸುಲಭ. ಬೀಗರ ಮನೆಗೆ ಹೋಗಿ ಹೇಳುವುದು ಕಷ್ಟ.

ಗೋಷ್ಠಿಗೆ ಹೋಗುವ ಮುನ್ನಾದಿನ ನನ್ನ ಒಂಬತ್ತು ವರ್ಷದ ಮೊಮ್ಮಗ ಮೊಬೈಲಿನಲ್ಲಿ ಅದೇ ಸಾಮ್ರಿಯನ್ನು ನೋಡುತ್ತಿದ್ದ. ಹೆದರುತ್ತಾನೇನೋ ಎಂದು ಪಕ್ಕಕ್ಕೆ ಹೋಗಿ ಕುಳಿತೆ. "ಅಜ್ಜಾ, ಇಲ್ಲಿ ನೋಡು, ಮೋತಿಗೆ ಹಚ್ಚಿದ ಬಣ್ಣ ಕುತ್ತಿಗಿಗೆ ಹಚ್ಚಿಲ್ಲ" ಎಂದು ಚಿತ್ರ ನಿಲ್ಲಿಸಿ ತೋರಿಸಿದ. ನಲವತ್ತು ವರ್ಷದ ಹಿಂದೆ ಆ ಗೌಂಡಿಗೆ ಕಂಡದ್ದೇ ಇವನಿಗೂ ಕಂಡಿತ್ತು.

ಪೂಜ್ಯರಿಗೆ ನಾನು ಇಷ್ಟನ್ನೇ ಬಿನ್ನವಿಸಿಕೊಂಡೆ: ಠರಾವು ಬಿಡೋಣ. ಮುಂದಿನ ತಿಂಗಳು ಮಠದ ದಾಸೋಹ ಭವನದಲ್ಲಿಯೇ ಆ ಸಿನಿಮಾದ ಅರ್ಧ ತಾಸು ತೋರಿಸೋಣ, ಮಕ್ಕಳೇ ಬಣ್ಣದ ಗೆರೆ ಹುಡುಕಲಿ. ನಂತರ ನನ್ನ ಮಗಳು ಬಿ.ಪಿ. ಪಟ್ಟಿಯೊಂದಿಗೆ ಬಂದು ಬಸುರಿಯರ, ಅವರ ಅತ್ತೆಯರ ಜೊತೆ ಮಾತಾಡಲಿ. ಹಿರಿಯ ಶರಣರು "ಮಠದಾಗ ದೆವ್ವದ ಸಿನಿಮಾ ಏನ್ರೀ ಎಂಜಿನಿಯರ್ರ?" ಎಂದು ಸಿಟ್ಟಾದರು. ಪೂಜ್ಯರು ನಕ್ಕು, ಅತ್ತೆಯರನ್ನು ಕರೆತರುವ ಹೊಣೆ ಯಾರದು ಎಂದು ಮಾತ್ರ ಕೇಳಿದರು. ಪ್ರೊಜೆಕ್ಟರ್ ಮಠದಲ್ಲಿದೆ. ಪರದೆಯನ್ನೂ ಜೀಪನ್ನೂ ನಾನು ತರುತ್ತೇನೆಂದು ಹೇಳಿ ಬಂದಿದ್ದೇನೆ.