ಸಂಪರ್ಕದ ಲೆಕ್ಕ ತಪ್ಪುವುದೆಲ್ಲಿ?

ಹುಕ್ಕೇರಿ ತಾಲೂಕಿನ ಹಳ್ಳಿಯೊಂದರ ನ್ಯಾಯಬೆಲೆ ಅಂಗಡಿಯ ಮುಂದೆ ಈಚೆಗೆ ಅರ್ಧ ದಿನ ಕುಳಿತಿದ್ದೆ. ಬೆರಳಚ್ಚಿನ ಯಂತ್ರಕ್ಕೆ ಸಿಗ್ನಲ್ ಇರಲಿಲ್ಲ. ‘ನೆಟ್ ಬಂದ್ರ ಕೊಡ್ತೇನ್ರಿ, ಇಲ್ಲಂದ್ರ ನಾಳೆ ಬರ್ರಿ’ ಎಂದು ಅಂಗಡಿಯಾತ ಹೇಳುತ್ತಲೇ ಇದ್ದ. ಕೂಲಿ ಬಿಟ್ಟು ಬಂದವರು ಖಾಲಿ ಚೀಲ ಹಿಡಿದು ಮರಳಿದರು. ಆ ಪಂಚಾಯಿತಿ ಕಚೇರಿಗೆ ಫೈಬರ್ ಬಂದಿದೆ. ಹೀಗಾಗಿ ದೆಹಲಿಯ ಕಡತದಲ್ಲಿ ಅದು ಸಂಪರ್ಕ ಹೊಂದಿದ ಊರು.

ತಪ್ಪಿರುವುದು ಎಣಿಸುವ ಜಾಗದಲ್ಲಿ. ಟ್ರಾಯ್ ವರದಿಗಳು ಲೆಕ್ಕವಿಡುವುದು ಚಂದಾದಾರರನ್ನು, ಅರ್ಥಾತ್ ಸಿಮ್‌ಗಳನ್ನು. ಅದೂ ಸೇವಾ ವಲಯವಾರು. ಎರಡು ಸಿಮ್ ಉಳ್ಳ ಬೆಂಗಳೂರಿಗನೂ ಮೂಡಲಗಿಯ ಕಬ್ಬಿನ ಕೂಲಿಕಾರ್ತಿಯೂ ಒಂದೇ ‘ಕರ್ನಾಟಕ’ದ ಸರಾಸರಿಯಲ್ಲಿ ಕರಗುತ್ತಾರೆ. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಯಾರ ಜೇಬಿನಲ್ಲಿರುತ್ತದೆ ಎಂಬುದನ್ನು ಹೇಳಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಪುರುಷರು ಶೇ 57, ಮಹಿಳೆಯರು ಶೇ 33. ‘ಬ್ರಾಡ್‌ಬ್ಯಾಂಡ್’ ಎಂಬುದರ ಅರ್ಥವೂ ಸ್ಥಿರವಲ್ಲ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2 ಮೆಗಾಬಿಟ್‌ಗೆ ಏರಿದ್ದು 2023ರಲ್ಲಿ.

ಇಂಥ ಲೆಕ್ಕ ನಮಗೆ ಹೊಸದಲ್ಲ. 1997ಕ್ಕೆ ಮುನ್ನ ಊರ ಎಲ್ಲೆಯೊಳಗೆ ಯಾವುದೋ ಹೊಲದ ಪಂಪ್‌ಸೆಟ್ ತಿರುಗಿದರೂ ಇಡೀ ಗ್ರಾಮ ವಿದ್ಯುದೀಕರಣಗೊಂಡಂತೆಯೇ. 2004ರಲ್ಲಿ ವ್ಯಾಖ್ಯೆ ತಿದ್ದಿದಾಗಲೂ ಶಾಲೆ, ಪಂಚಾಯಿತಿಗಳ ಜತೆಗೆ ಶೇ 10ರಷ್ಟು ಮನೆಗಳಿಗೆ ದೀಪ ಬಂದರೆ ಸಾಕೆನ್ನಲಾಯಿತು. 2018ರಲ್ಲಿ ದೇಶದ ಎಲ್ಲ ಹಳ್ಳಿಗಳೂ ಬೆಳಗಿದವೆಂದು ಘೋಷಿಸಿದ್ದು ಇದೇ ಅಳತೆಗೋಲಿನಿಂದ. ಇದೇ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಗ್ರಾಹಕರೇ ಸದಸ್ಯರಾಗಿರುವ ಅಂಥ ಸಂಘಕ್ಕೆ ಕಂಬ ಎಣಿಸಿ ಕೂತರೆ ನಡೆಯದು. ಮನೆಯ ಮೀಟರ್ ಓದಲೇಬೇಕು.

ಅಂತರ್ಜಾಲಕ್ಕೂ ಮೀಟರ್ ಬೇಕಾಗಿರುವುದು ಮನೆ ಬಾಗಿಲಲ್ಲಿ. ಇದು ಅಂಕಿ-ಅಂಶ ತಜ್ಞರ ತಕರಾರಷ್ಟೇ ಅಲ್ಲ, ಹಣದ ಪ್ರಶ್ನೆ. ಭಾರತ್‌ನೆಟ್‌ನ ಪರಿಷ್ಕೃತ ಯೋಜನೆಗೆ 2023ರಲ್ಲಿ ಕೇಂದ್ರ ಸಂಪುಟ ಸುಮಾರು 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದೆ. ಕಡತದಲ್ಲಿ ‘ಮುಗಿದಿದೆ’ ಎಂದಾದ ಊರಿಗೆ ಅದರಲ್ಲಿ ಪಾಲು ಕೇಳುವವರು ಯಾರು?

2027ರ ಜನಗಣತಿಯ ಮನೆಪಟ್ಟಿಯಲ್ಲಿ ಇಂಟರ್‌ನೆಟ್ ಲಭ್ಯತೆಯ ಪ್ರಶ್ನೆ ಸೇರಿರುವುದು ಸ್ವಾಗತಾರ್ಹ. 2011ರಲ್ಲಿ ಮೂಡಲಗಿ ಗೋಕಾಕ ತಾಲೂಕಿನೊಳಗೇ ಇತ್ತು. ಪ್ರತ್ಯೇಕ ತಾಲೂಕಾಗಿ ಅದಕ್ಕೆ ಇದು ಮೊದಲ ಗಣತಿ. ಆದರೆ ಅಲ್ಲಿ ವೇಗದ ಪ್ರಶ್ನೆಯಿಲ್ಲ, ಮಳೆಗಾಲದಲ್ಲಿ ಎಷ್ಟು ದಿನ ಸಂಪರ್ಕ ಕಡಿಯಿತೆಂಬ ಪ್ರಶ್ನೆಯೂ ಇಲ್ಲ. ಅದನ್ನು ತಿಳಿಯಲು ದೊಡ್ಡ ಸಮೀಕ್ಷೆಯೇನೂ ಬೇಡ. ಬೆರಳಚ್ಚು ಎಷ್ಟು ಸಲ ವಿಫಲವಾಯಿತೆಂಬುದನ್ನು ಪ್ರತಿ ಪಡಿತರ ಅಂಗಡಿಯಲ್ಲೂ ದಿನವಹಿ ಬರೆದಿಡಲಿ. ತಿಂಗಳಿಗೊಮ್ಮೆ ತಾಲೂಕುವಾರು ಅದನ್ನು ಪ್ರಕಟಿಸಲಿ. ಮೊದಲು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲೇ ಆರಂಭವಾಗಲಿ.